ಮೋನೆಯ ಕೊಳ ಓದುವಾಗ ನಾನು ಎಡವಿದ್ದು: ನೆರಳು ಬೇರೆ, ಬಿಂಬ ಬೇರೆ

ಇಸವಿಗಳನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರಕಾರ ಕ್ಲಾಡ್ ಮೋನೆ (1840–1926) ಫ್ರಾನ್ಸಿನ ಜಿವೆರ್ನಿ ಹಳ್ಳಿಗೆ ಬಂದದ್ದು 1883ರಲ್ಲಿ. 1893ರಲ್ಲಿ ಮನೆ ಹತ್ತಿರ ಜಾಗ ಕೊಂಡು, ಹಳ್ಳದ ನೀರು ತಿರುಗಿಸಿ ಕೊಳ ಮಾಡಿಸಿದರು. ನೈದಿಲೆ ಬೆಳೆಸಿದರು. ಆ ನೈದಿಲೆಗಳದ್ದೇ ಸುಮಾರು 250 ಚಿತ್ರ ಬರೆದರು. 1912ರಲ್ಲಿ ಕಣ್ಣಿಗೆ ಪೊರೆ ಬಂದದ್ದು ಗೊತ್ತಾಯಿತು, 1923ರಲ್ಲಿ ಆಪರೇಷನ್ ಆಯಿತು. ಆದರೂ ಕೊಳ ಬಿಡಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿ.

ಅವು ತಾವರೆ ಅಲ್ಲ, ನೆನಪಿರಲಿ. ನೈದಿಲೆ ಎಲೆಗೆ ಒಂದು ಸೀಳು ಇರುತ್ತದೆ, ನೀರಿನ ಮೇಲೆ ಮಲಗಿರುತ್ತದೆ.

ಈಗ ನಾನು ಎಡವಿದ ಜಾಗ. ತೀರ್ಥಹಳ್ಳಿ ಕಡೆಯ ನಮ್ಮೂರಿನ ಕೆರೆಯನ್ನು ಮೋನೆ ಥರ ಬರೆಯೋಣ ಅಂತ ಕೂತೆ. ಆಚೆ ದಂಡೆಯಲ್ಲಿ ಅಡಿಕೆ ಮರಗಳು. ಬೆಳಗಿನ ಬಿಸಿಲು ಬಲಗಡೆಯಿಂದ ಬರುತ್ತಿತ್ತು. ನೀರಲ್ಲಿ ಕಂಡ ಮರಗಳನ್ನು ಎಡಕ್ಕೆ ಓರೆಯಾಗಿ ಎಳೆದೆ. ಚಿತ್ರದಲ್ಲಿ ನೀರು ನೀರಾಗಲಿಲ್ಲ, ಗದ್ದೆ ಬಯಲಾಯಿತು. ಮೂರು ಹಾಳೆ ಹಾಳಾದವು.

ತಪ್ಪು ಮಾತಿನಲ್ಲೇ ಇತ್ತು. ನಾವು ಎರಡಕ್ಕೂ ‘ನೆರಳು’ ಅಂತೀವಿ ಅಲ್ವಾ? ‘ನೀರಲ್ಲಿ ಮರದ ನೆರಳು ನೋಡು’ ಅಂದಾಗ ಕಾಣುವುದು ಬಿಂಬ. ನೆರಳು ಸೂರ್ಯನ ಮಾತು ಕೇಳುತ್ತದೆ. ಬಿಂಬ ನಮ್ಮ ಕಣ್ಣಿನ ಮಾತು ಕೇಳುತ್ತದೆ. ದಂಡೆಯ ಮೇಲೆ ನಾಲ್ಕು ಹೆಜ್ಜೆ ಸರಿಯಿರಿ: ನೆಲದ ನೆರಳು ಇದ್ದಲ್ಲೇ ಇರುತ್ತದೆ, ನೀರಿನ ಬಿಂಬ ಜೊತೆಗೇ ಸರಿಯುತ್ತದೆ. ನೆಟ್ಟಗಿರುವ ಮರದ ಬಿಂಬ ಯಾವಾಗಲೂ ಮರದಡಿಗೆ ನೇರ ಕೆಳಗೆ ಬರುತ್ತದೆ. ಬಿಸಿಲು ಯಾವ ಕಡೆಯಿಂದಾದರೂ ಇರಲಿ.

ನಂಬಿಕೆ ಬರದಿದ್ದರೆ ಜಗಲಿ ಮೇಲೆ ಕನ್ನಡಿ ಮಲಗಿಸಿ, ಅದರ ಮೇಲೆ ಪೆನ್ಸಿಲ್ ನಿಲ್ಲಿಸಿ, ಸುತ್ತ ಓಡಾಡಿ. ನಾನು ಹತ್ತು ಸಲ ಸುತ್ತಿದೆ.

ಇನ್ನೊಂದು ಗೊಂದಲ ನಮ್ಮ ಮಳೆಗಾಲದ್ದು. ತಿಳಿನೀರಿನಲ್ಲಿ ನಿಜವಾದ ನೆರಳು ಅಷ್ಟಾಗಿ ಕಾಣುವುದಿಲ್ಲ. ಕೆಂಪು ರಾಡಿ ನೀರಿನಲ್ಲಿ, ಮೋಡ ಸರಿದು ಬಿಸಿಲು ಬಿದ್ದರೆ, ನೆರಳು ಓರೆಯಾಗಿಯೂ ಬಿಂಬ ನೇರವಾಗಿಯೂ ಎರಡೂ ಒಟ್ಟಿಗೆ ಕಾಣುತ್ತವೆ. ಅದಕ್ಕೇ ಮೊದಲು ತಿಳಿನೀರು ಕಲಿಯಿರಿ.

ಇದು ತಲೆಗೆ ಹೋದ ಮೇಲೆ ಮೋನೆಯ ಕೊನೆಗಾಲದ ಚಿತ್ರಗಳು ಬಿಚ್ಚಿಕೊಂಡವು. ಎಷ್ಟೋ ಚಿತ್ರಗಳಲ್ಲಿ ದಂಡೆಯೇ ಇಲ್ಲ, ಆಕಾಶವೂ ಇಲ್ಲ. ಮೋಡ, ಮರ ಎಲ್ಲ ತಲೆಕೆಳಗಾಗಿ ನೀರೊಳಗೇ ಇವೆ. ಮತ್ತೆ ಅದು ನೀರು ಅಂತ ಹೇಗೆ ಗೊತ್ತಾಗುತ್ತದೆ? ಬಿಂಬ ಮೇಲಿಂದ ಕೆಳಗೆ ಇಳಿಯುತ್ತದೆ, ಎಲೆಗಳು ಅದಕ್ಕೆ ಅಡ್ಡಲಾಗಿ ಮಲಗುತ್ತವೆ. ದೂರ ಹೋದಂತೆ ಎಲೆ ತೆಳ್ಳಗಾಗುತ್ತದೆ.

ನಾನೀಗ ಮಾಡುವುದು ಇಷ್ಟೇ. ಮೊದಲು ಹಾಳೆ ತುಂಬ ಬಿಂಬದ ಬಣ್ಣವನ್ನು ಕೆಳಮುಖವಾಗಿ ಎಳೆಯುತ್ತೇನೆ. ಪೂರ್ತಿ ಒಣಗಿದ ಮೇಲೆ ಎಲೆಗಳನ್ನು ಅಡ್ಡ ಇಡುತ್ತೇನೆ. ಮಳೆಗಾಲದಲ್ಲಿ ಒಣಗಲು ಜಾಸ್ತಿ ಹೊತ್ತು ಬೇಕು, ಅವಸರ ಮಾಡಬೇಡಿ.

ಬಾಗಿದ ಮರಕ್ಕೆ: ಎಡಕ್ಕೆ ಬಾಗಿದ್ದರೆ ಬಿಂಬವೂ ಎಡಕ್ಕೇ. ನಮ್ಮ ಕಡೆ ಬಾಗಿದ್ದರೆ ಬಿಂಬ ಮರಕ್ಕಿಂತ ಉದ್ದ ಕಾಣುತ್ತದೆ. ನಮ್ಮ ಕೆರೆಯ ನೇರಳೆ ಮರ ಹಾಗೇ ಬಾಗಿದೆ. ಭಾನುವಾರ ಅದನ್ನೇ ಬರೆಯಲು ಕೂರುತ್ತೇನೆ.