ಎಬಿಎಸ್ ಲೈಟು: ಯಾವಾಗ ಹತ್ತುತ್ತದೆ ಅನ್ನುವುದೇ ಮೊದಲ ಸುಳಿವು

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ಒಂದು ಹ್ಯಾಚ್‌ಬ್ಯಾಕ್ ಕಾರು ನಾನು ಕೆಲಸ ಕಲಿಯುವ ಗ್ಯಾರೇಜಿಗೆ ಬಂತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಲೈಟು. ಮಾಲೀಕರು ಅಡಿಕೆ ಬೆಳೆಗಾರರು. "ಬಲಗಡೆ ಮುಂದಿನ ಸೆನ್ಸರ್ ಹೋಗಿದೆ ಅಂದ್ರು. ಎರಡು ಸಲ ಹೊಸದು ಹಾಕಿಸಿದೆ ಕಣಪ್ಪಾ, ಲೈಟು ಮಾತ್ರ ಹೋಗ್ಲಿಲ್ಲ" ಅಂದರು.

ನಮ್ಮ ಮೇಸ್ತ್ರಿ ಸ್ಕ್ಯಾನರ್ ಮುಟ್ಟುವ ಮೊದಲು ಎರಡು ಪ್ರಶ್ನೆ ಕೇಳಿದರು. "ಕೀ ತಿರುಗಿಸಿದ ಕೂಡಲೇ ಲೈಟು ನಿಂತುಬಿಡುತ್ತಾ ಸರ್, ಇಲ್ಲ ಗಾಡಿ ಹೊರಟ ಮೇಲೆ ಬರುತ್ತಾ?" ಆಮೇಲೆ, "ಲೈಟು ಬರೋಕೆ ಮುಂಚೆ ಆ ಚಕ್ರದ ಹತ್ರ ಏನಾದರೂ ಕೆಲಸ ಮಾಡಿಸಿದ್ರಾ?"

ಉತ್ತರ ಹೀಗಿತ್ತು: ಲೈಟು ಆರುತ್ತದೆ, ಗಾಡಿ ಸ್ವಲ್ಪ ಸ್ಪೀಡ್ ಆದ ಮೇಲೆ ಮತ್ತೆ ಹತ್ತುತ್ತದೆ. ಬೇರಿಂಗ್ ಗುಂಯ್ ಅಂತ ಸದ್ದು ಮಾಡುತ್ತಿತ್ತು, ಲೈಟು ಬರುವುದಕ್ಕೆ ಎರಡು ವಾರ ಮೊದಲು ಬೇರೆ ಕಡೆ ಬದಲಾಯಿಸಿದ್ದರು.

ಈ ಎರಡು ಉತ್ತರ ನೆನಪಿಟ್ಟುಕೊಳ್ಳಿ. ಟಿಪ್ಪಣಿ ಓದುತ್ತಾ ಏನಾಗಿರಬಹುದು ಅಂತ ನೀವೇ ಯೋಚಿಸಿ. ಕೊನೆಗೆ ಅದೇ ಕಾರಿಗೆ ವಾಪಸ್ ಬರೋಣ.

ಸ್ವಲ್ಪ ಬುನಾದಿ

ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಟೈರು ಜಾರಲು ಶುರುವಾದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಎಬಿಎಸ್ ಆ ಚಕ್ರದ ಬ್ರೇಕ್ ಒತ್ತಡವನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿದು ಮಾಡಿ ಚಕ್ರ ಉರುಳುತ್ತಲೇ ಇರುವಂತೆ ನೋಡಿಕೊಳ್ಳುತ್ತದೆ. ಮಳೆಯಲ್ಲಿ ಆಗುಂಬೆ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಎದುರಿಗೆ ಬಸ್ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಬೆಂಜ್ ಎಸ್-ಕ್ಲಾಸ್ ಕಾರಿನಲ್ಲಿ ಮಾರುಕಟ್ಟೆಗೆ ಬಂತು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸದಾಗಿ ಮಾರುವ ಕಾರುಗಳಿಗೆ ಕಡ್ಡಾಯ. ಹಾಗಾಗಿ ಸಣ್ಣ ಊರಿನ ಗ್ಯಾರೇಜಿಗೂ ಈ ಕೆಲಸ ಜಾಸ್ತಿ ಬರುತ್ತಿದೆ.

ಭಾಗಗಳು ಮೂರೇ: ನಾಲ್ಕು ಚಕ್ರಕ್ಕೆ ನಾಲ್ಕು ಸ್ಪೀಡ್ ಸೆನ್ಸರ್, ಲೆಕ್ಕ ಹಾಕುವ ಮಾಡ್ಯೂಲ್, ಅದರ ಜೊತೆಗೇ ಇರುವ ಪಂಪು-ವಾಲ್ವ್‌ಗಳ ಬ್ಲಾಕ್. ಮಾಡ್ಯೂಲ್‌ಗೆ ಎಲ್ಲಾದರೂ ಅನುಮಾನ ಬಂದರೆ ಎಬಿಎಸ್ ಬಂದ್ ಮಾಡಿ ಹಳದಿ ಲೈಟು ಹಾಕುತ್ತದೆ. ಮಾಮೂಲಿ ಬ್ರೇಕ್ ಕೆಲಸ ಮಾಡುತ್ತಲೇ ಇರುತ್ತದೆ.

ಆದರೆ ಹಳದಿಯ ಜೊತೆ ಕೆಂಪು ಬ್ರೇಕ್ ಲೈಟೂ ಇದ್ದರೆ ಗಾಡಿ ಓಡಿಸಬೇಡಿ. ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಇಳಿದಿದ್ದರೆ ಬ್ರೇಕ್ ಆಯಿಲ್ ಮಟ್ಟ ನೋಡಿ. ಆಯಿಲ್ ಕಮ್ಮಿ ಇದ್ದರೆ ಸುಮ್ನೆ ತುಂಬಿಸಿ ಕಳಿಸಬೇಡಿ. ಪ್ಯಾಡ್ ಸವೆದಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿರಬಹುದು. ಆಯಿಲ್ ಸರಿಯಿದ್ದೂ ಎರಡು ಲೈಟು ಇದ್ದರೆ ಮುಂದಿನ-ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ಇಬಿಡಿ ಕೂಡ ನಿಂತಿರಬಹುದು. ಆಗ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಮೊದಲು ಜಾಮ್ ಆಗಿ ಗಾಡಿ ಅಡ್ಡ ತಿರುಗುವ ಅಪಾಯ ಇದೆ.

ಲೈಟು ಹತ್ತುವ ಹೊತ್ತು

ಕೀ ಆನ್ ಮಾಡಿದಾಗ ಎಬಿಎಸ್ ಲೈಟು ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಅದು ಮಾಡ್ಯೂಲ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಸಮಯ. ಗಾಡಿ ನಿಂತಿದ್ದಾಗ ಅದಕ್ಕೆ ಪರೀಕ್ಷಿಸಲು ಆಗುವುದು ಕರೆಂಟಿನ ದಾರಿ ಮಾತ್ರ. ವೈರ್ ತುಂಡಾಗಿದೆಯಾ, ಶಾರ್ಟ್ ಆಗಿದೆಯಾ, ವೋಲ್ಟೇಜ್ ಸಾಕಾಗಿದೆಯಾ ಅಂತ ನೋಡುತ್ತದೆ. ಅದಕ್ಕೇ ಲೈಟು ಆರದೆ ಹಾಗೇ ನಿಂತರೆ ನಾವು ಮೊದಲು ಹುಡುಕುವುದು ಫ್ಯೂಸು, ಕನೆಕ್ಟರ್, ವೈರು, ಅರ್ತಿಂಗ್, ಬ್ಯಾಟರಿ.

ಲೈಟು ಆರಿ, ಗಾಡಿ ಹೊರಟ ಮೇಲೆ ಮತ್ತೆ ಹತ್ತಿದರೆ ಕರೆಂಟಿನ ದಾರಿ ಬಹುಮಟ್ಟಿಗೆ ಸರಿ ಇದೆ, ಸಿಗ್ನಲ್ ಸರಿ ಇಲ್ಲ ಅಂತ ಅರ್ಥ. ಮೂರು ಚಕ್ರ ತಿರುಗುತ್ತಿವೆ, ಒಂದು ಮಾತ್ರ ನಿಂತೇ ಇದೆ ಅಂತ ಮಾಡ್ಯೂಲ್‌ಗೆ ಕಾಣುತ್ತಿದೆ. ಪಂಪ್ ಮೋಟರಿನ ಪರೀಕ್ಷೆಯನ್ನೂ ಎಷ್ಟೋ ಕಾರುಗಳು ಹೊರಟ ಮೇಲೆ, ಸುಮಾರು 15-20 ಕಿ.ಮೀ. ವೇಗದಲ್ಲಿ ಮಾಡುತ್ತವೆ. ಹಾಗಾಗಿ ಮೋಟರ್ ದೋಷವೂ ಇದೇ ಹೊತ್ತಿಗೆ ಕಾಣಿಸಿಕೊಳ್ಳಬಹುದು. ಒಂದು ಎಚ್ಚರಿಕೆ: ಕೆಲವು ಕಾರುಗಳಲ್ಲಿ ಸಿಗ್ನಲ್ ದೋಷ ಒಮ್ಮೆ ದಾಖಲಾದರೆ, ರಿಪೇರಿ ಮಾಡಿ ಸ್ವಲ್ಪ ದೂರ ಓಡಿಸುವವರೆಗೂ ಲೈಟು ಆರುವುದಿಲ್ಲ. ಅದಕ್ಕೆ ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಬರೆದುಕೊಂಡು, ಅಳಿಸಿ, ಆಮೇಲೆ ಲೈಟು ಹತ್ತುವ ಹೊತ್ತನ್ನು ಗಮನಿಸಿ.

ಸ್ಟೀರಿಂಗ್ ಒಂದು ಕಡೆ ತಿರುಗಿಸಿದಾಗ ಮಾತ್ರ, ಅಥವಾ ಹೊಂಡಕ್ಕೆ ಇಳಿದಾಗ ಮಾತ್ರ ಲೈಟು ಬಂದರೆ ವೈರಿನ ಒಳಗಿನ ತಾಮ್ರ ಮುರಿದಿರುವ ಸಾಧ್ಯತೆ ಜಾಸ್ತಿ. ಹೊರಗಿನ ರಬ್ಬರ್ ಚೆನ್ನಾಗೇ ಕಾಣುತ್ತಿರುತ್ತದೆ.

ಸ್ಕ್ಯಾನರ್ ಏನು ಹೇಳುತ್ತದೆ

ಅಗ್ಗದ ಬ್ಲೂಟೂತ್ ರೀಡರ್‌ಗಳಲ್ಲಿ ಹಲವು ಇಂಜಿನ್ ಕೋಡ್ ಮಾತ್ರ ಓದುತ್ತವೆ. ಎಬಿಎಸ್ ಕೋಡ್‌ಗಳು ಸಾಮಾನ್ಯವಾಗಿ 'ಸಿ' ಅಕ್ಷರದಿಂದ ಶುರುವಾಗುತ್ತವೆ. ಅದನ್ನು ಓದಲು ಎಬಿಎಸ್ ಮಾಡ್ಯೂಲ್ ಜೊತೆ ಮಾತಾಡುವ ಸ್ಕ್ಯಾನರ್ ಬೇಕು.

"ಬಲ ಮುಂದಿನ ಸೆನ್ಸರ್" ಅಂತ ಕೋಡ್ ಬಂದರೆ ಆ ಚಕ್ರದ ಕಡೆ ಹೋಗಿ ನೋಡು ಅಂತ ಅರ್ಥ, ಅಷ್ಟೇ. ಸೆನ್ಸರ್, ಅದರ ವೈರು, ಕನೆಕ್ಟರ್, ಸೆನ್ಸರ್ ಎದುರು ತಿರುಗುವ ರಿಂಗು, ಆ ರಿಂಗು ಕೂತಿರುವ ಬೇರಿಂಗ್, ಎಲ್ಲವೂ ಆ ಒಂದು ಸಾಲಿನೊಳಗೆ ಬರುತ್ತವೆ. ಕೋಡಿನ ಹೆಸರು ನೋಡಿ ಅಂಗಡಿಗೆ ಓಡುವುದರಿಂದಲೇ ಗಿರಾಕಿಯ ದುಡ್ಡು ಹಾಳಾಗುವುದು. ಕೋಡಿನ ವಿವರಣೆ ಪೂರ್ತಿ ಓದಿ. ಸರ್ಕ್ಯೂಟ್ ಓಪನ್ (ಕರೆಂಟಿನ ದಾರಿ ತುಂಡಾಗಿದೆ) ಅನ್ನುವುದೇ ಬೇರೆ, ಸಿಗ್ನಲ್ ಇಲ್ಲ ಅನ್ನುವುದೇ ಬೇರೆ.

ಆಮೇಲೆ ಸ್ಕ್ಯಾನರಿನ ಲೈವ್ ಡೇಟಾದಲ್ಲಿ (ಗಾಡಿ ಓಡುತ್ತಿರುವಾಗಲೇ ಅಂಕಿ ತೋರಿಸುವ ಭಾಗ) ನಾಲ್ಕೂ ಚಕ್ರದ ವೇಗದ ಗ್ರಾಫ್ ತೆರೆಯಿರಿ. ಒಬ್ಬರು ನೇರ ರಸ್ತೆಯಲ್ಲಿ 20-30 ಕಿ.ಮೀ. ವೇಗದಲ್ಲಿ ಓಡಿಸಲಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ನೋಡಲಿ. ನಾಲ್ಕು ಗೆರೆ ಒಟ್ಟಿಗೇ ಸಾಗಬೇಕು. ತಿರುವಿನಲ್ಲಿ ಹೊರಗಿನ ಚಕ್ರ ಸ್ವಲ್ಪ ಜಾಸ್ತಿ ತೋರಿಸುವುದು ಸಹಜ.

ಎರಡು ಜಾತಿಯ ಸೆನ್ಸರ್, ಎರಡು ಬಗೆಯ ಅಳತೆ

ನಾವು ಜಾಸ್ತಿ ಎಡವುವುದು ಇಲ್ಲೇ. ಎರಡಕ್ಕೂ ಎರಡೇ ವೈರು, ಹೊರಗಿಂದ ನೋಡಲು ಒಂದೇ ಥರ.

ಹಳೆಯದು ಪ್ಯಾಸಿವ್ ಸೆನ್ಸರ್. ಒಳಗೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಹಲ್ಲಿರುವ ಕಬ್ಬಿಣದ ರಿಂಗು ಎದುರು ತಿರುಗಿದಾಗ ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ. ಇದನ್ನು ಓಮ್ಸ್‌ನಲ್ಲಿ ಅಳೆಯಬಹುದು. ಸಾಮಾನ್ಯವಾಗಿ 800ರಿಂದ 2,000 ಓಮ್ಸ್ ಒಳಗೆ ಇರುತ್ತದೆ, ಆಯಾ ಕಾರಿನ ಮ್ಯಾನ್ಯುಯಲ್ ನೋಡಿಯೇ ತೀರ್ಮಾನಿಸಿ. ಆಮೇಲೆ ಚಕ್ರ ಎತ್ತಿ, ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಕೈಯಲ್ಲಿ ಚಕ್ರ ತಿರುಗಿಸಿ. ಜೋರಾಗಿ ತಿರುಗಿಸಿದಷ್ಟೂ ವೋಲ್ಟೇಜ್ ಏರಬೇಕು. ಓಮ್ಸ್ ಸರಿ ಇದ್ದು ವೋಲ್ಟೇಜ್ ತೀರಾ ಕಮ್ಮಿ ಬಂದರೆ ಸೆನ್ಸರ್ ತುದಿಗೂ ರಿಂಗಿಗೂ ನಡುವಿನ ಸಂದು ಜಾಸ್ತಿಯಾಗಿದೆಯಾ ನೋಡಿ. ಆ ಸಂದು ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ ಇರುತ್ತದೆ.

ಈಗಿನ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಆ್ಯಕ್ಟಿವ್ ಸೆನ್ಸರ್. ಇದರೊಳಗೆ ಚಿಪ್ ಇದೆ, ಮಾಡ್ಯೂಲ್‌ನಿಂದ ಕರೆಂಟು ಬೇಕು. ಇದನ್ನು ಓಮ್ಸ್‌ನಲ್ಲಿ ಅಳೆದರೆ ಬರುವ ಅಂಕಿಗೆ ಅರ್ಥವೇ ಇಲ್ಲ. ಆ ಅಂಕಿ ನೋಡಿ ಎಷ್ಟೋ ಒಳ್ಳೆ ಸೆನ್ಸರ್‌ಗಳು ಗುಜರಿಗೆ ಹೋಗುತ್ತವೆ. ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಗಾಡಿ ಕಡೆಯ ಎರಡು ಪಿನ್‌ಗಳ ನಡುವೆ ಡಿಸಿ ವೋಲ್ಟ್ ನೋಡಿ. ಬಹಳ ಕಾರುಗಳಲ್ಲಿ ಬ್ಯಾಟರಿ ವೋಲ್ಟೇಜ್ ಹತ್ತಿರ ಬರುತ್ತದೆ. ಬರದಿದ್ದರೆ ಸೆನ್ಸರನ್ನು ಬೈದು ಪ್ರಯೋಜನವಿಲ್ಲ, ವೈರನ್ನು ಮಾಡ್ಯೂಲ್ ತನಕ ಹುಡುಕಿ. ವೋಲ್ಟೇಜ್ ಇದ್ದರೆ ಮೀಟರನ್ನು ಮಿಲಿಆಂಪ್‌ಗೆ ಇಟ್ಟು ಒಂದು ವೈರಿನ ಸಾಲಿನಲ್ಲಿ ಸೇರಿಸಿ ಚಕ್ರವನ್ನು ತುಂಬಾ ನಿಧಾನ ತಿರುಗಿಸಿ. ಸಾಮಾನ್ಯ ಆ್ಯಕ್ಟಿವ್ ಸೆನ್ಸರ್ ಸುಮಾರು 7 ಮತ್ತು 14 ಮಿಲಿಆಂಪ್ ನಡುವೆ ಆ ಕಡೆ ಈ ಕಡೆ ಹಾರುತ್ತದೆ.

ಇದರ ಎದುರು ತಿರುಗುವುದು ಎಷ್ಟೋ ಕಾರುಗಳಲ್ಲಿ ಹಲ್ಲಿನ ರಿಂಗು ಅಲ್ಲ. ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಉತ್ತರ-ದಕ್ಷಿಣ ಅಂತ ಸಾಲಾಗಿ ಅಯಸ್ಕಾಂತ ಮಾಡಿರುವ ಪಟ್ಟಿ ಇರುತ್ತದೆ. ಎನ್‌ಕೋಡರ್ ಅನ್ನುತ್ತಾರೆ. ಬರಿಗಣ್ಣಿಗೆ ಮಾಮೂಲಿ ರಬ್ಬರ್ ಸೀಲಿನ ಹಾಗೇ ಕಾಣುತ್ತದೆ.

ಒಂದು ಲೆಕ್ಕ

ಪರೀಕ್ಷೆಗೂ ಬರುತ್ತದೆ, ಕೆಲಸಕ್ಕೂ ಬರುತ್ತದೆ. 185/65 ಆರ್15 ಟೈರಿನ ವ್ಯಾಸ: ರಿಮ್ 15 ಇಂಚು ಅಂದರೆ 381 ಮಿ.ಮೀ., ಜೊತೆಗೆ ಎರಡು ಬದಿಯ ಎತ್ತರ (185ರ ಶೇ. 65, ಎರಡು ಸಲ) 240.5. ಒಟ್ಟು 621.5 ಮಿ.ಮೀ. ಸುತ್ತಳತೆ ಸುಮಾರು 1.95 ಮೀಟರ್. ಗಾಡಿ 36 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ 10 ಮೀಟರ್, ಅಂದರೆ ಚಕ್ರ 5.13 ಸುತ್ತು. ರಿಂಗಿಗೆ 48 ಹಲ್ಲು ಇದ್ದರೆ ಸೆಕೆಂಡಿಗೆ ಸುಮಾರು 246 ಮಿಡಿತ.

ಈಗ ಒಂದು ಹಲ್ಲಿನ ಹತ್ತಿರ ರಿಂಗು ಸೀಳಿದೆ ಅಂದುಕೊಳ್ಳಿ. ಪ್ರತಿ ಸುತ್ತಿಗೆ ಒಂದು ಕಡೆ ಮಿಡಿತ ತಪ್ಪುತ್ತದೆ. ಆ ಚಕ್ರ ಒಂದು ಕ್ಷಣ ನಿಂತಿತು ಅಂತ ಮಾಡ್ಯೂಲ್ ಅಂದುಕೊಳ್ಳುತ್ತದೆ. ಡ್ರೈವ್ ಶಾಫ್ಟಿನ ಹೊರ ಜಾಯಿಂಟಿನ ಮೇಲೆ ಕೂರಿಸಿದ ರಿಂಗಿನ ಅಡಿಯಲ್ಲಿ ತುಕ್ಕು ಉಬ್ಬಿ ಹೀಗೆ ಸೀಳುವುದುಂಟು. ಆಗ ಲೈಟು ಬರದೆಯೂ ಇರಬಹುದು. ಒಣ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಹಾಕಿ ಇನ್ನೇನು ಗಾಡಿ ನಿಲ್ಲಬೇಕು ಅನ್ನುವಾಗ ಪೆಡಲ್ ಗರಗರ ಅಂತ ಕಾಲಿಗೆ ಒದೆಯುತ್ತದೆ. ಗಿರಾಕಿ ಹೀಗೆ ಹೇಳಿದರೆ ರಿಂಗನ್ನು ಬ್ರಷ್ ಹಾಕಿ ತೊಳೆದು, ಟಾರ್ಚ್ ಹಿಡಿದು ಒಂದು ಸುತ್ತು ಪೂರ್ತಿ ನೋಡಿ.

ನಮ್ಮ ಕಡೆ ಜಾಸ್ತಿ ಕಾಣುವುದು

ಮಲೆನಾಡಿನ ಕೆಸರು ಸೆನ್ಸರ್ ಸುತ್ತ ಗಟ್ಟಿಯಾಗಿ ಕೂರುತ್ತದೆ. ಕನೆಕ್ಟರಿನೊಳಗೆ ನೀರು ಹೋಗಿ ಪಿನ್ ಹಸಿರು ಬಣ್ಣಕ್ಕೆ ತಿರುಗುತ್ತದೆ. ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿಯುತ್ತದೆ. ಅದಕ್ಕೆ ಮೀಟರ್ ತೆಗೆಯುವ ಮೊದಲು ಕಣ್ಣು, ಕೈ ಎರಡೂ ಬಳಸಿ. ಸೆನ್ಸರ್ ತುಕ್ಕಿಗೆ ಕಚ್ಚಿಕೊಂಡಿದ್ದರೆ ಸುತ್ತಿಗೆ ಬೇಡ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಕಾದು, ಮೆಲ್ಲಗೆ ಆಚೀಚೆ ತಿರುಗಿಸಿ ತೆಗೆಯಿರಿ. ಆ ಕುಳಿಯನ್ನೂ ಕೂರುವ ಜಾಗವನ್ನೂ ತಂತಿ ಬ್ರಷ್‌ನಲ್ಲಿ ಚೊಕ್ಕ ಮಾಡಿ. ಅಲ್ಲಿ ಉಳಿದ ತುಕ್ಕಿನ ಪದರ ಸೆನ್ಸರನ್ನು ಮೇಲೆತ್ತಿ ಸಂದು ಹೆಚ್ಚಿಸುತ್ತದೆ.

ಮಾಡ್ಯೂಲ್ ಹೋಗಿದೆ ಅಂತ ಹೇಳುವ ಮೊದಲು ಅದರ ಫ್ಯೂಸು, ಅರ್ತಿಂಗ್, ಬ್ಯಾಟರಿ ಮೂರನ್ನೂ ಪರೀಕ್ಷಿಸಿ. ಅದು ದುಬಾರಿ ಸಾಮಾನು, ಹಾಗಾಗಿ ಕಟ್ಟಕಡೆಯ ಅನುಮಾನ ಅದರ ಮೇಲಿರಲಿ.

ತೀರ್ಥಹಳ್ಳಿಯ ಕಾರು

ಲೈವ್ ಡೇಟಾದಲ್ಲಿ ಮೂರು ಚಕ್ರ 22, ಬಲ ಮುಂದಿನದು 0. ಕನೆಕ್ಟರಿನಲ್ಲಿ ವೋಲ್ಟೇಜ್ ಸರಿ ಇತ್ತು. ಮಿಲಿಆಂಪ್ ನೋಡಿದೆವು. 7ರಲ್ಲೇ ನಿಂತಿದೆ, ಚಕ್ರ ಎಷ್ಟು ತಿರುಗಿಸಿದರೂ ಹಾರುತ್ತಿಲ್ಲ.

ಆಗ ಮೇಸ್ತ್ರಿ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಸೆನ್ಸರನ್ನು ಕುಳಿಯಿಂದ ಹೊರಗೆ ತೆಗೆದರು, ವೈರು ಹಾಗೇ ಇತ್ತು. ಅದೇ ಮಾಡೆಲ್‌ನ ಹೊಸ ಬೇರಿಂಗ್ ತರಿಸಿ, ಅದರ ಎನ್‌ಕೋಡರ್ ಬದಿಗೆ ಸೆನ್ಸರ್ ತುದಿ ಹಿಡಿದರು. "ಸ್ಕ್ರೀನ್ ನೋಡ್ತಿರು ತಮ್ಮಾ" ಅಂತ ಹೇಳಿ ಸೆಕೆಂಡಿಗೆ ಒಂದು ಸುತ್ತಿನ ಲೆಕ್ಕದಲ್ಲಿ ಒಳ ರಿಂಗು ತಿರುಗಿಸಿದರು. ಸ್ಕ್ಯಾನರಿನಲ್ಲಿ 6, 7, ಮತ್ತೆ 6 ಬಂತು! ಸೆಕೆಂಡಿಗೆ 1.95 ಮೀಟರ್ ಅಂದರೆ ಗಂಟೆಗೆ 7 ಕಿ.ಮೀ., ಅಲ್ವಾ? ಮೇಲಿನ ಲೆಕ್ಕ ಕಣ್ಣೆದುರಿಗೇ ಇತ್ತು. ಸೆನ್ಸರ್ ಸರಿ, ವೈರ್ ಸರಿ, ಮಾಡ್ಯೂಲ್ ಕೂಡ ಸರಿ. ಉಳಿದದ್ದು ಗಾಡಿಯೊಳಗಿನ ಬೇರಿಂಗ್ ಒಂದೇ.

ಬೇರಿಂಗ್ ಕೂರುವ ಕಬ್ಬಿಣದ ಭಾಗವಾದ ನಕಲ್ (knuckle) ಬಿಚ್ಚಿ, ಬೇರಿಂಗ್ ಒತ್ತಿ ತೆಗೆಯುವ ಪ್ರೆಸ್‌ಗೆ ಹಾಕಿದಾಗ ಗೊತ್ತಾಯಿತು. ಬೇರಿಂಗನ್ನು ಹಿಂದುಮುಂದಾಗಿ ಕೂರಿಸಿದ್ದರು. ಎನ್‌ಕೋಡರ್ ಹೊರಗಡೆ ಮುಖ ಮಾಡಿತ್ತು, ಸೆನ್ಸರ್ ಎದುರು ಬರೀ ಮಾಮೂಲಿ ಸೀಲು. ಹೀಗೆ ಹಾಕಿದರೂ ಬೇರಿಂಗ್ ಸದ್ದಿಲ್ಲದೆ ತಿರುಗುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಪ್ರೆಸ್‌ನಲ್ಲಿ ಎಳೆದ ಬೇರಿಂಗ್ ಮತ್ತೆ ಬಳಸುವಂತಿಲ್ಲ, ಹೊಸದನ್ನೇ ಹಾಕಿದೆವು. ಯಾವ ಬದಿ ಎನ್‌ಕೋಡರ್ ಅಂತ ನೋಡಲು ಅಯಸ್ಕಾಂತ ತೋರಿಸುವ ಹಸಿರು ಕಾರ್ಡ್ ಸಿಗುತ್ತದೆ. ಸೀಲಿನ ಮೇಲಿಟ್ಟರೆ ಸಣ್ಣ ಸಣ್ಣ ಪಟ್ಟೆ ಮೂಡುತ್ತವೆ. ಆ ಬದಿ ಸೆನ್ಸರ್ ಕಡೆಗೆ. ಬೇರಿಂಗನ್ನು ಕಬ್ಬಿಣದ ಪುಡಿ ಇರುವ ಮೇಜಿನ ಮೇಲೆ, ಬೋಲ್ಟ್ ಹಾಕುವ ಅಯಸ್ಕಾಂತದ ತಟ್ಟೆಯ ಹತ್ತಿರ ಇಡಬಾರದು.

ಕೋಡ್ ಅಳಿಸಿ, ಮಾಲೀಕರನ್ನೂ ಕೂರಿಸಿಕೊಂಡು ರಸ್ತೆಗೆ ಹೋದೆವು. ವೇಗ 30 ಕಿ.ಮೀ. ದಾಟಿದರೂ ಲೈಟು ಬರಲಿಲ್ಲ, ನಾಲ್ಕು ಗೆರೆಯೂ ಒಂದೇ ಗೆರೆಯ ಹಾಗೆ ಸಾಗಿದವು. ಯಾರೂ ಇಲ್ಲದ ಮಣ್ಣಿನ ರಸ್ತೆಯಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿನಡಿ ಮಿಡಿಯಿತು. "ಇದೇನು ಹೀಗೆ ನಡುಗುತ್ತೆ?" ಅಂತ ಮಾಲೀಕರು ಗಾಬರಿಯಾದರು. ಅದೇ ಎಬಿಎಸ್ ಕೆಲಸ ಮಾಡುವ ರೀತಿ, ಆಗ ಕಾಲು ತೆಗೆಯದೆ ಒತ್ತಿಯೇ ಹಿಡಿಯಬೇಕು ಅಂತ ಮೇಸ್ತ್ರಿ ತಿಳಿಸಿ ಹೇಳಿದರು. ಮರುದಿನ ಬೆಳಿಗ್ಗೆ ತಣ್ಣಗಿನ ಗಾಡಿಯಲ್ಲಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಕೋಡ್ ಯಾವುದೂ ಇಲ್ಲ ಅಂತ ಜಾಬ್ ಕಾರ್ಡಿನಲ್ಲಿ ಬರೆದ ಮೇಲೆ ಕೀ ಕೊಟ್ಟೆವು.