ಅಕ್ಕ ಸಹಿ ಹಾಕುವ ಮುಂಚೆ ಪತ್ರ ಓದಿ ಹೇಳಿ

ಐವತ್ತು ದಾಟಿದ ಹೆಣ್ಣುಮಗಳೊಬ್ಬರು ಇಬ್ಬರು ತಮ್ಮಂದಿರ ಜೊತೆ ನನ್ನ ವಕೀಲಿ ಆಫೀಸಿಗೆ ಬಂದರು. ಪತ್ರ ಆಗಲೇ ಟೈಪ್ ಆಗಿತ್ತು. "ಮೇಡಂ, ಒಂದ್ಸಲ ಕಣ್ಣಾಡಿಸಿಬಿಡಿ, ಮಧ್ಯಾಹ್ನಕ್ಕೇ ರಿಜಿಸ್ಟ್ರೇಷನ್ ಇದೆ" ಅಂದ ದೊಡ್ಡ ತಮ್ಮ. ಅಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಪೆನ್ನು ಕೈಯಲ್ಲೇ ಇತ್ತು.

ಅದು ಹಕ್ಕು ಬಿಡುಗಡೆ ಪತ್ರ. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದಾರೆ. ಪಿತ್ರಾರ್ಜಿತ ಜಮೀನು ಮೂರು ಎಕರೆ, ಮಕ್ಕಳು ಮೂವರು. ಅಕ್ಕ "ಅರಿಶಿನ ಕುಂಕುಮದ ಬಾಬ್ತು" ಸ್ವಲ್ಪ ಹಣ ಪಡೆದು ತನ್ನ ಪಾಲನ್ನು ತಮ್ಮಂದಿರಿಗೆ ಬಿಟ್ಟುಕೊಡುತ್ತಿದ್ದಾಳೆ, ಇದನ್ನು "ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ, ಸ್ವಸ್ಥ ಮನಸ್ಸಿನಿಂದ" ಮಾಡುತ್ತಿದ್ದಾಳೆ ಅಂತ ಬರೆದಿತ್ತು. ಇಂಥ ಪತ್ರಗಳಲ್ಲಿ ಈ ಸಾಲು ಇದ್ದೇ ಇರುತ್ತದೆ.

ತಮ್ಮಂದಿರನ್ನು ಹತ್ತು ನಿಮಿಷ ಹೊರಗೆ ಕೂರಲು ಹೇಳಿದೆ. ಯಾರೇ ಬಂದರೂ ನಾನು ಹೀಗೇ ಮಾಡುವುದು. ಆಮೇಲೆ ಕೇಳಿದೆ, "ಇದರಲ್ಲಿ ಏನು ಬರೆದಿದೆ ಗೊತ್ತಾ ಅಮ್ಮ?"

"ಅಪ್ಪನ ಹೆಸರಿಂದ ಖಾತೆ ಬದಲಾಯಿಸೋಕೆ ಅಂದ್ರು."

ಇಪ್ಪತ್ತು ವರ್ಷದಿಂದ ಪಾಲಿನ ದಾವೆಗಳನ್ನೇ ಜಾಸ್ತಿ ನಡೆಸಿದ್ದೇನೆ. ಈ ಉತ್ತರ ನನಗೆ ಹೊಸದಲ್ಲ, ಆದರೂ ಪ್ರತಿ ಸಲ ಹೊಟ್ಟೆ ಉರಿಯುತ್ತದೆ. ಖಾತೆ ಬದಲಾವಣೆಗೆ ಅಕ್ಕ ತಂಗಿಯರು ಹಕ್ಕು ಬಿಡಬೇಕಾಗಿಯೇ ಇಲ್ಲ. ವಂಶವೃಕ್ಷದಲ್ಲಿ ಎಲ್ಲರ ಹೆಸರೂ ಸೇರಿಸಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ, ಮಾಡಿಸಿದರೆ ಪಹಣಿಯಲ್ಲಿ ಎಲ್ಲರ ಹೆಸರು ಬರುತ್ತದೆ. ಹಕ್ಕು ಬಿಡುವುದು ಬೇರೆಯದೇ ಕೆಲಸ.

ಈ ಹಕ್ಕು ಸುಮ್ನೆ ಬಂದದ್ದಲ್ಲ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಒಂದು ಕಾಯ್ದೆ ಬಂದಿತ್ತು. ಸ್ವಾತಂತ್ರ್ಯ ಬಂದ ಮೇಲೆ, ಹೆಣ್ಣುಮಕ್ಕಳಿಗೆ ಆಸ್ತಿ ಹಕ್ಕನ್ನೂ ಕೊಡಬೇಕಿದ್ದ ಹಿಂದೂ ಕೋಡ್ ಮಸೂದೆ ಮುಂದೆ ಸಾಗದೆ ನಿಂತಾಗ ಅಂಬೇಡ್ಕರ್ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟು ಹೊರಬಂದರು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅಪ್ಪ ಸ್ವಂತ ದುಡಿಮೆಯಲ್ಲಿ ಮಾಡಿದ ಆಸ್ತಿ, ವಿಲ್ ಬರೆಯದೆ ತೀರಿಕೊಂಡರೆ, ಮಗನಿಗೂ ಮಗಳಿಗೂ ಸಮ ಅಂತ ಅದರಲ್ಲೇ ಇತ್ತು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೆ ಮಾತ್ರ.

ವಾಸದ ಮನೆಯ ವಿಷಯ ಇನ್ನೂ ಬೇಸರದ್ದು. ಆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಗಂಡುಮಕ್ಕಳು ತಾವಾಗಿ ಭಾಗ ಮಾಡಿಕೊಳ್ಳುವವರೆಗೆ ಮಗಳು ಮನೆಯಲ್ಲಿ ತನ್ನ ಪಾಲು ಬೇರೆ ಮಾಡಿಕೊಡಿ ಅಂತ ಕೇಳುವ ಹಾಗಿರಲಿಲ್ಲ. ಅಲ್ಲಿ ಇರುವ ಹಕ್ಕು ಕೂಡ ಮದುವೆಯಾಗದವಳಿಗೆ, ಗಂಡ ಬಿಟ್ಟವಳಿಗೆ, ಗಂಡನಿಂದ ಬೇರೆಯಾದವಳಿಗೆ ಅಥವಾ ವಿಧವೆಗೆ ಮಾತ್ರ. ಮದುವೆಯಾದವಳು ಹುಟ್ಟಿದ ಮನೆಯಲ್ಲಿ ಹಕ್ಕಿನಿಂದ ಇರಬೇಕಾದರೆ ಅವಳ ಸಂಸಾರ ಮುರಿದಿರಬೇಕಿತ್ತು. ಇದು ಹೋಗಿದ್ದು 2005ರಲ್ಲಿ.

ಕರ್ನಾಟಕ ಸ್ವಲ್ಪ ಮುಂಚೆಯೇ, 1994ರ ಜುಲೈ 30ರಿಂದ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ಮನೆಯಲ್ಲಿ ಮದುವೆಯಾದ ಅಕ್ಕನಿಗೆ ಇಲ್ಲ, ಆಗದ ತಂಗಿಗೆ ಉಂಟು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ಕ್ಕೆ ಜಾರಿಗೆ ಬಂದು ಈ ಭೇದ ತೆಗೆಯಿತು. ಆ ದಿನ ಅಪ್ಪ ಬದುಕಿರಬೇಕಾ, ಬೇಡವಾ ಅನ್ನುವ ಜಗಳ ಮಾತ್ರ ವರ್ಷಗಟ್ಟಲೆ ನಡೆಯಿತು. ಸುಪ್ರೀಂ ಕೋರ್ಟು 2015ರಲ್ಲಿ ಒಂದು ಹೇಳಿತು, 2018ರಲ್ಲಿ ಇನ್ನೊಂದು. ಎರಡೂ ನಮ್ಮ ರಾಜ್ಯದಿಂದಲೇ ಹೋದ ಕೇಸುಗಳು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಗೊಂದಲ ಬಿಡಿಸಿದರು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಅಪ್ಪ ಆ ದಿನ ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲು ಮುಗಿದಿದ್ದರೆ ಅದನ್ನು ಕೆದಕುವಂತಿಲ್ಲ. "ಬಾಯಿಮಾತಲ್ಲೇ ಪಾಲಾಗಿತ್ತು" ಅನ್ನುವ ವಾದವನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಇಷ್ಟಾದ ಮೇಲೂ ಆ ಅಕ್ಕ ಪೆನ್ನು ಹಿಡಿದು ಕೂತಿದ್ದರು. ಯಾಕೆ? ಹಕ್ಕಿದೆ ಅಂತ ನಾನು ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಪಾಲು ತಗೊಂಡ್ರೆ ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಬರ್ತಾರಾ ಮೇಡಂ?"

ಈ ಪ್ರಶ್ನೆಗೆ ಯಾವ ಸೆಕ್ಷನ್ನಿನಲ್ಲೂ ಉತ್ತರ ಇಲ್ಲ. ಗಂಡನ ಮನೆಯಲ್ಲಿ ಏನಾದರೂ ಆದರೆ ಹೋಗಿ ನಿಲ್ಲಲು ತವರು ಬೇಕು ಅನ್ನುವ ಭಯ ಅದರ ಹಿಂದೆ ಇರುತ್ತದೆ. ಆ ಬಾಗಿಲು ತೆರೆದಿರಲಿ ಅಂತಲೇ ಸಹಿ ಹಾಕುತ್ತಾರೆ. ಆದರೆ ಸಹಿಯಾದ ಮೇಲೆ ಅದು ತಮ್ಮನ ಮನೆ ಮಾತ್ರ. ತನಗೂ ಪಾಲಿರುವ ಮನೆ ಅಲ್ಲ.

"ಮದುವೆಗೆ ಅಷ್ಟು ಖರ್ಚು ಮಾಡಿದ್ವಲ್ಲ" ಅನ್ನುತ್ತಾರೆ. ಮದುವೆ ಖರ್ಚನ್ನು ಪಾಲಿನಲ್ಲಿ ಕಳೆಯಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ವರದಕ್ಷಿಣೆಯಂತೂ 1961ರಿಂದಲೇ ಅಪರಾಧ. ತಮ್ಮನ ಓದಿಗೆ, ಅವನು ಶುರು ಮಾಡಿ ನಿಲ್ಲಿಸಿದ ವ್ಯಾಪಾರಕ್ಕೆ ಹೋದ ದುಡ್ಡಿನ ಲೆಕ್ಕ ಯಾರೂ ಬರೆದಿಟ್ಟಿರುವುದಿಲ್ಲ ಅಲ್ವಾ?

"ಅಪ್ಪ ಅಮ್ಮನ್ನ ನೋಡಿಕೊಂಡಿದ್ದು ನಾವು" ಅನ್ನುವ ಮಾತಿಗೆ ತೂಕ ಇದೆ, ಅದನ್ನು ತಳ್ಳಿಹಾಕಲಾರೆ. ಆದರೆ ಗಂಜಿ ಕುಡಿಸಿದ್ದು, ಹಾಸಿಗೆ ಬಟ್ಟೆ ಒಗೆದಿದ್ದು ಹೆಚ್ಚಾಗಿ ಸೊಸೆ. ಅವಳ ಹೆಸರು ಯಾವ ಪತ್ರದಲ್ಲೂ ಬರುವುದಿಲ್ಲ. ನಾದಿನಿಗೆ ಪಾಲು ಯಾಕೆ ಅಂತ ಜೋರಾಗಿ ಕೇಳುವ ಅತ್ತಿಗೆ ಎಷ್ಟೋ ಸಲ ತನ್ನ ತವರಿನಲ್ಲಿ ತಾನೂ ಹೀಗೇ ಸಹಿ ಹಾಕಿ ಬಂದಿರುತ್ತಾಳೆ. ಇಬ್ಬರ ಹೆಸರಲ್ಲೂ ಒಂದು ಗುಂಟೆ ಇರುವುದಿಲ್ಲ, ಜಗಳ ಮಾತ್ರ ಅವರಿಬ್ಬರ ನಡುವೆ. ಸಮಾನತೆಗಾಗಿ ಹೋರಾಡುವ ನಾವೆಲ್ಲ ಈ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಬೇಕು ಅಂತ ನನಗೆ ಬಲವಾಗಿ ಅನಿಸಿದೆ.

ಕೆಲಸಕ್ಕೆ ಬರುವ ಒಂದೆರಡು ಮಾತು. ನೋಂದಣಿಯಾಗದ ಬಿಡುಗಡೆ ಪತ್ರದಿಂದ ಜಮೀನಿನ ಹಕ್ಕು ಹೋಗುವುದಿಲ್ಲ, ಹಾಗಾಗಿ ಹಿಂದೆ ಬಿಳಿ ಹಾಳೆ ಮೇಲೆ ಸಹಿ ಹಾಕಿದ್ದೇನೆ ಅಂತ ಕೈಚೆಲ್ಲಬೇಡಿ. ಮೋಸದಿಂದಲೋ ಒತ್ತಡದಿಂದಲೋ ನೋಂದಣಿ ಮಾಡಿಸಿಕೊಂಡಿದ್ದರೆ, ಅದು ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ರದ್ದತಿಗೆ ದಾವೆ ಹಾಕಬೇಕು, ತಡ ಮಾಡಿದರೆ ಕಷ್ಟ. ಅಪ್ಪನ ಸ್ವಯಾರ್ಜಿತ ಆಸ್ತಿಯನ್ನು ಅವರು ವಿಲ್ ಮೂಲಕ ಯಾರಿಗೆ ಬೇಕಾದರೂ ಕೊಡಬಹುದು, ಅದಕ್ಕೆ ತಕರಾರು ನಿಲ್ಲುವುದು ಕಡಿಮೆ. ಆದ್ದರಿಂದ ಆಸ್ತಿ ಯಾವ ಬಗೆಯದು ಅಂತ ಮೊದಲು ತಿಳಿದುಕೊಳ್ಳಿ. ಪಾಲಿನ ಜೊತೆ ಹೊಣೆಯೂ ಬರುತ್ತದೆ ಅನ್ನುವುದನ್ನೂ ಹೆಣ್ಣುಮಕ್ಕಳಿಗೆ ನಾನು ಮುಚ್ಚಿಡುವುದಿಲ್ಲ.

ಆವತ್ತು ಪತ್ರವನ್ನು ಪೂರ್ತಿ ಗಟ್ಟಿಯಾಗಿ ಓದಿದೆ. ಜಮೀನಿನ ನಾಲ್ಕು ಗಡಿ ಹೇಳುವ ಚಕ್ಕುಬಂದಿಗೆ ಬಂದಾಗ, "ಪಶ್ಚಿಮಕ್ಕೆ ಹಳ್ಳ" ಅಂತ ಓದುತ್ತಿದ್ದಂತೆ ಅವರು ತಲೆ ಎತ್ತಿದರು. "ಹಳ್ಳ ಅಲ್ಲ ಮೇಡಂ. ಬಾವಿ. ಹಳ್ಳ ಅದರಾಚೆ. ಆ ಬಾವಿಯಿಂದ ನೀರು ಸೇದಿ ಸಸಿಗಳಿಗೆ ಹಾಕ್ತಿದ್ದವಳು ನಾನು, ಇವರು ಆಗ ಇನ್ನೂ ಚಿಕ್ಕವರು." ಪತ್ರ ಬರೆಸಿದವರಿಗಿಂತ ಆ ನೆಲ ಅವರಿಗೆ ಚೆನ್ನಾಗಿ ಗೊತ್ತಿತ್ತು. ಪೆನ್ನು ಮೇಜಿನ ಮೇಲಿಟ್ಟು, "ಸ್ವಲ್ಪ ದಿನ ಬೇಕು ಅಂತ ಹೇಳಿ ಅವರಿಗೆ" ಅಂದರು. ನಾನು ಹೇಳಲಿಲ್ಲ. ನೀವೇ ಹೇಳಿ ಅಂದೆ. ಬಾಗಿಲು ತೆರೆದು ಹೇಳಿದರು. ಕೈ ನಡುಗುತ್ತಿತ್ತು, ದನಿ ನಡುಗಲಿಲ್ಲ.

ದೊಡ್ಡ ತಮ್ಮ ಎರಡು ವಾರ ಮಾತು ಬಿಟ್ಟ. ಚಿಕ್ಕವನೇ ಒಂದು ಸಂಜೆ ಅಕ್ಕನ ಮನೆಗೆ ಹೋಗಿ ಮಾತಾಡಿದನಂತೆ. ಅವರಿಗೆ ಬರಬೇಕಿದ್ದದ್ದು ಒಂದು ಎಕರೆ, ಅಂದರೆ 40 ಗುಂಟೆ. ಬಾವಿ ಪಕ್ಕದ 20 ಗುಂಟೆ ಇಟ್ಟುಕೊಂಡು ಉಳಿದದ್ದು ತಮ್ಮಂದಿರಿಗಿರಲಿ ಅಂದರು. ಪೂರ್ತಿ ಕೇಳಬಹುದಿತ್ತು ಅಂತ ನಾನು ಹೇಳಿದೆ. "ಗೊತ್ತು ಮೇಡಂ, ನೀವು ಓದಿ ಹೇಳಿದ್ರಲ್ಲ" ಅಂದರು. ಹೊಸ ಪಾಲುಪಾರಿಖತ್ತಿನಲ್ಲಿ ಅವರ ಭಾಗದ ಚಕ್ಕುಬಂದಿಯನ್ನು ಅವರೇ ಹೇಳಿ ಬರೆಸಿದರು. ಪಶ್ಚಿಮಕ್ಕೆ ಬಾವಿ.