56, 69, 43: ದೆಪೊರ್ತಿವೊ ಲಾ ಕೊರುನ್ಯದ ಏಳುಬೀಳನ್ನು ಅಂಕಪಟ್ಟಿಯಲ್ಲಿ ಓದುವ ಬಗೆ

ಸ್ಪೇನಿನ ವಾಯವ್ಯ ಮೂಲೆಯ ಗಲಿಸಿಯಾದಲ್ಲಿ, ಅಟ್ಲಾಂಟಿಕ್ ಕಡಲಿಗೆ ಮುಖಮಾಡಿ ನಿಂತಿರುವ ಲಾ ಕೊರುನ್ಯ ನಗರದ ಜನಸಂಖ್ಯೆ ಸುಮಾರು ಎರಡೂವರೆ ಲಕ್ಷ. 1906ರಲ್ಲಿ ಸ್ಥಾಪನೆಯಾದ ಅಲ್ಲಿನ ಫುಟ್‌ಬಾಲ್ ಕ್ಲಬ್ ದೆಪೊರ್ತಿವೊ. ಕಡಲತೀರಕ್ಕೆ ಅಂಟಿಕೊಂಡಂತಿರುವ ರಿಯಾಸೋರ್ ಅದರ ಕ್ರೀಡಾಂಗಣ. ಈ ಕ್ಲಬ್ಬಿನ ಚರಿತ್ರೆಯನ್ನು ಓದಲು ಕುಳಿತಾಗ ನಾನು ಮೊದಲು ಗುರುತು ಹಾಕಿಕೊಂಡದ್ದು ಮೂರು ಸಂಖ್ಯೆಗಳನ್ನು: 1994ರಲ್ಲಿ 56 ಅಂಕ ಮತ್ತು ಎರಡನೆಯ ಸ್ಥಾನ, 2000ದಲ್ಲಿ 69 ಅಂಕ ಮತ್ತು ಚಾಂಪಿಯನ್ ಪಟ್ಟ, 2011ರಲ್ಲಿ 43 ಅಂಕ ಮತ್ತು ಹಿಂಬಡ್ತಿ, ಅಂದರೆ ಕೆಳಗಿನ ದರ್ಜೆಗೆ ಇಳಿತ. ‘ತಂಡ ಆರು ವರ್ಷ ಬಲಗೊಳ್ಳುತ್ತ ಹೋಗಿ, ಆಮೇಲೆ ಕುಸಿಯಿತು’ ಎಂದು ಅದರ ಕೆಳಗೇ ಬರೆದುಕೊಂಡೆ. ಎರಡು ದಿನಗಳ ನಂತರ ಆ ಸಾಲನ್ನು ಹೊಡೆದುಹಾಕಬೇಕಾಯಿತು.

ಎಡವಿದ ಜಾಗ

ಮೊದಲ ಸಂಖ್ಯೆಯನ್ನು ಅಳೆದ ಕೋಲು ಬೇರೆ, ಉಳಿದೆರಡನ್ನು ಅಳೆದ ಕೋಲು ಬೇರೆ. ಸ್ಪೇನಿನ ಲೀಗ್‌ನಲ್ಲಿ 1994–95ರ ಋತುವಿನವರೆಗೂ ಗೆಲುವಿಗೆ 2 ಅಂಕ, ಡ್ರಾಗೆ 1 ಅಂಕ ಸಿಗುತ್ತಿತ್ತು. 1995–96ರಿಂದ ಗೆಲುವಿಗೆ 3 ಅಂಕವಾಯಿತು. ಡ್ರಾದ ಅಂಕ ಬದಲಾಗದಿದ್ದರೂ ಅದರ ಬೆಲೆ ಮಾತ್ರ ಇಳಿಯಿತು, ಏಕೆಂದರೆ ಹಳೆಯ ಲೆಕ್ಕದಲ್ಲಿ ಎರಡು ಡ್ರಾ ಸೇರಿದರೆ ಒಂದು ಗೆಲುವಿಗೆ ಸಮ, ಹೊಸ ಲೆಕ್ಕದಲ್ಲಿ ಮೂರು ಡ್ರಾ ಬೇಕು. ಇದನ್ನು ನಾನು ಓದಿ ತಿಳಿದಿದ್ದರೂ ಪಟ್ಟಿಯ ಮುಂದೆ ಕುಳಿತಾಗ ಮರೆತಿದ್ದೆ.

ಒಂದರಿಂದ ಇನ್ನೊಂದಕ್ಕೆ ದಾಟಲು ಪಟ್ಟಿಯನ್ನು ಮತ್ತೆ ಕೂಡಿಸುತ್ತ ಕೂರಬೇಕಾಗಿಲ್ಲ. ಗೆಲುವೊಂದಕ್ಕೆ ಒಂದೇ ಅಂಕದ ವ್ಯತ್ಯಾಸವಿರುವುದರಿಂದ, ಹಳೆಯ ಅಂಕಕ್ಕೆ ಗೆಲುವುಗಳ ಸಂಖ್ಯೆಯನ್ನು ಕೂಡಿಸಿದರೆ ಹೊಸ ಅಂಕ ಬರುತ್ತದೆ, ಹೊಸ ಅಂಕದಿಂದ ಗೆಲುವುಗಳನ್ನು ಕಳೆದರೆ ಹಳೆಯ ಅಂಕ ಬರುತ್ತದೆ. ಈ ಟಿಪ್ಪಣಿಯಲ್ಲಿ ನೆನಪಿಡಬೇಕಾದ ಸೂತ್ರ ಇದೊಂದೇ.

1993–94ಕ್ಕೆ ಇದನ್ನು ಹಚ್ಚಿ ನೋಡೋಣ. 38 ಪಂದ್ಯಗಳಲ್ಲಿ ದೆಪೊರ್ತಿವೊ 22 ಗೆದ್ದು, 12 ಡ್ರಾ ಮಾಡಿಕೊಂಡು, 4 ಸೋತಿತು. ಹಳೆಯ ಲೆಕ್ಕದಲ್ಲಿ 44ಕ್ಕೆ 12 ಸೇರಿ 56. ಸೂತ್ರದಂತೆ ಈ 56ಕ್ಕೆ 22 ಕೂಡಿಸಿದರೆ 78. ಅಂದರೆ ಪ್ರಶಸ್ತಿ ತಪ್ಪಿಸಿಕೊಂಡ 1994ರ ತಂಡ ಇಂದಿನ ಲೆಕ್ಕದಲ್ಲಿ 78 ಅಂಕದ ತಂಡ. ಪ್ರಶಸ್ತಿ ಗೆದ್ದ 2000ದ ತಂಡ 21 ಗೆಲುವು, 6 ಡ್ರಾ, 11 ಸೋಲುಗಳ 69 ಅಂಕದ ತಂಡ. ನಾನು ಏರಿಕೆ ಎಂದುಕೊಂಡಿದ್ದು ಅಂಕಿಗಳ ಮಟ್ಟಿಗೆ ಇಳಿಕೆಯೇ ಆಗಿತ್ತು.

1994ರ ಮೇ 14

ಅಂದು ಕೊನೆಯ ಸುತ್ತು. ದೆಪೊರ್ತಿವೊ ಬಾರ್ಸಿಲೋನಾಕ್ಕಿಂತ ಒಂದು ಅಂಕ ಮುಂದಿತ್ತು ಮತ್ತು ವಲೆನ್ಸಿಯಾವನ್ನು ರಿಯಾಸೋರ್‌ನಲ್ಲೇ ಎದುರಿಸುತ್ತಿತ್ತು. ಅತ್ತ ಬಾರ್ಸಿಲೋನಾ ಸೆವಿಯಾವನ್ನು 5–2ರಿಂದ ಸೋಲಿಸಿತು. ಇತ್ತ ಗೋಲಿಲ್ಲದೆ ಮುಗಿಯುವ ಹಂತದಲ್ಲಿದ್ದ ಪಂದ್ಯದ ಕೊನೆಯ ನಿಮಿಷದಲ್ಲಿ ದೆಪೊರ್ತಿವೊಗೆ ಪೆನಾಲ್ಟಿ ಸಿಕ್ಕಿತು. ಸಾಮಾನ್ಯವಾಗಿ ಪೆನಾಲ್ಟಿ ಒದೆಯುತ್ತಿದ್ದ ಡೊನಾಟೊನನ್ನು ಅಷ್ಟರಲ್ಲಿ ಹೊರಗೆ ಕರೆಸಿಕೊಳ್ಳಲಾಗಿತ್ತು, ತಂಡದ ಮುಖ್ಯ ಗೋಲುಗಾರ ಬೆಬೆಟೊ ಮುಂದೆ ಬರಲಿಲ್ಲ. ಡಿಫೆಂಡರ್ ಜುಕಿಚ್ ಒದ್ದ ಚೆಂಡನ್ನು ವಲೆನ್ಸಿಯಾದ ಗೋಲ್‌ಕೀಪರ್ ಗೊನ್ಸಾಲೆಸ್ ಹಿಡಿದುಬಿಟ್ಟ. ಎರಡೂ ತಂಡಗಳು 56ಕ್ಕೆ ಬಂದು ನಿಂತವು.

ಇಲ್ಲಿ ಇನ್ನೊಂದು ಗೊಂದಲವಿದೆ. ಐಪಿಎಲ್ ನೋಡಿ ಬೆಳೆದವರು ಅಂಕ ಸಮವಾದ ತಕ್ಷಣ ಇಡೀ ಋತುವಿನ ನೆಟ್ ರನ್ ರೇಟ್‌ನಂಥದ್ದನ್ನು ಹುಡುಕುತ್ತಾರೆ; ಸ್ಪೇನಿನಲ್ಲಿ ಮೊದಲು ನೋಡುವುದು ಸಮಬಲದ ಆ ಎರಡು ತಂಡಗಳು ತಮ್ಮತಮ್ಮಲ್ಲಿ ಆಡಿದ ಪಂದ್ಯಗಳನ್ನು. ರಿಯಾಸೋರ್‌ನಲ್ಲಿ ದೆಪೊರ್ತಿವೊ 1–0ಯಿಂದ ಗೆದ್ದಿತ್ತು, ಬಾರ್ಸಿಲೋನಾದಲ್ಲಿ 0–3ರಿಂದ ಸೋತಿತ್ತು, ಒಟ್ಟು 1–3. ಪಟ್ಟ ಬಾರ್ಸಿಲೋನಾದ ಪಾಲಾಯಿತು. ಋತುವಿನುದ್ದಕ್ಕೂ ಕೇವಲ 18 ಗೋಲು ಬಿಟ್ಟುಕೊಟ್ಟ ತಂಡಕ್ಕೆ ಇದು ಅನ್ಯಾಯವೆಂದು ನನಗೂ ಅನ್ನಿಸಿತ್ತು. ಆದರೆ ದೆಪೊರ್ತಿವೊ ಹೊಡೆದದ್ದು 54, ಬಾರ್ಸಿಲೋನಾ ಹೊಡೆದದ್ದು 91 ಮತ್ತು ಬಿಟ್ಟುಕೊಟ್ಟದ್ದು 42. ಗೋಲು ಅಂತರ 36ಕ್ಕೆ ಎದುರಾಗಿ 49. ಆ ದಾರಿಯಲ್ಲಿ ಹೋದರೂ ಫಲ ಅದೇ. ಇನ್ನು 3 ಅಂಕದ ಲೆಕ್ಕ ಹಾಕಿದರೆ 25 ಪಂದ್ಯ ಗೆದ್ದಿದ್ದ ಬಾರ್ಸಿಲೋನಾಕ್ಕೆ 81, ದೆಪೊರ್ತಿವೊಗೆ 78. ಆ ಪೆನಾಲ್ಟಿ ಗೋಲಾಗಿದ್ದರೂ 80 ಮಾತ್ರ. ಹಾಗಾಗಿ ಜುಕಿಚ್‌ನ ಒದೆತಕ್ಕೆ ಪ್ರಶಸ್ತಿಯನ್ನೇ ತೀರ್ಮಾನಿಸುವ ತೂಕ ಬಂದದ್ದು ಹಳೆಯ ನಿಯಮದಿಂದಾಗಿಯೇ.

ಗೆದ್ದ ವರ್ಷಗಳು

ಇವು ಎಲ್ಲರಿಗೂ ತಿಳಿದಿರುವುದರಿಂದ ಬೇಗ ದಾಟುತ್ತೇನೆ. 1988ರಲ್ಲಿ ಅಧ್ಯಕ್ಷರಾದ ಲೆಂದೊಯಿರೊ ಅವರ ಕಾಲದಲ್ಲಿ, 1991ರಲ್ಲಿ ತಂಡ ಮೊದಲ ದರ್ಜೆಗೆ ಮರಳಿತು. 1995ರಲ್ಲಿ ಅದೇ ವಲೆನ್ಸಿಯಾವನ್ನು ಸೋಲಿಸಿ ಸ್ಪೇನಿನ ನಾಕೌಟ್ ಕಪ್ ಆದ ಕೋಪಾ ದೆಲ್ ರೇಯನ್ನು ಮೊದಲ ಸಲ ಗೆದ್ದಿತು. ಭಾರಿ ಮಳೆಯಿಂದ 1–1ಕ್ಕೆ ನಿಂತುಹೋದ ಆ ಫೈನಲ್‌ನ ಉಳಿದ ಭಾಗವನ್ನು ಮೂರು ದಿನಗಳ ನಂತರ ಆಡಿಸಲಾಯಿತು, ಅಲ್ಫ್ರೆದೊ ಹೊಡೆದ ಗೋಲಿನಿಂದ 2–1 ಆಯಿತು. 2000ದ ಮೇ 19ರಂದು ತರಬೇತುದಾರ ಇರುರೆತಾ ಅವರ ತಂಡ ಎಸ್ಪಾನ್ಯೊಲ್ ವಿರುದ್ಧ 2–0ಯಿಂದ ಗೆದ್ದು ತನ್ನ ಏಕೈಕ ಲೀಗ್ ಪಟ್ಟ ಪಡೆಯಿತು. ಗೋಲು ಹೊಡೆದವರು ಮಕಾಯ್ ಮತ್ತು, ಆರು ವರ್ಷಗಳ ಹಿಂದೆ ಆ ಪೆನಾಲ್ಟಿಯ ಹೊತ್ತಿಗೆ ಮೈದಾನದಲ್ಲಿಲ್ಲದ ಡೊನಾಟೊ. 69 ಅಂಕ ಸಾಕಾದದ್ದು ಹೇಗೆಂದರೆ ಬಾರ್ಸಿಲೋನಾ, ವಲೆನ್ಸಿಯಾ ಎರಡೂ 64ಕ್ಕೇ ನಿಂತಿದ್ದವು, ಆ ವರ್ಷ ಯುರೋಪಿನ ಚಾಂಪಿಯನ್ ಆದ ರಿಯಲ್ ಮ್ಯಾಡ್ರಿಡ್ ತನ್ನ ದೇಶದ ಲೀಗ್‌ನಲ್ಲಿ ಐದನೆಯದಾಗಿತ್ತು.

2002ರ ಮಾರ್ಚ್ 6 ರಿಯಲ್ ಮ್ಯಾಡ್ರಿಡ್ ಕ್ಲಬ್ಬಿಗೆ ನೂರು ತುಂಬಿದ ದಿನ. ಅಂದೇ, ಅವರ ಅಂಗಳದಲ್ಲೇ ನಡೆದ ಕೋಪಾ ಫೈನಲ್‌ನಲ್ಲಿ ದೆಪೊರ್ತಿವೊ 2–1ರಿಂದ ಗೆದ್ದು ಹಬ್ಬದ ಮನೆಯ ದೀಪ ಆರಿಸಿತು. 2004ರಲ್ಲಿ, ಯುರೋಪಿನ ಅಗ್ರ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಮಿಲಾನ್ ವಿರುದ್ಧ 1–4ರಿಂದ ಸೋತು ಬಂದು, ರಿಯಾಸೋರ್‌ನಲ್ಲಿ 4–0ಯಿಂದ ಗೆದ್ದು, ಸೆಮಿಫೈನಲ್‌ನಲ್ಲಿ ಪೋರ್ಟೊಗೆ ಒಂದೇ ಗೋಲಿನಿಂದ ಸೋತಿತು. ಮರುವರ್ಷದ ಚಾಂಪಿಯನ್ಸ್ ಲೀಗ್‌ನ ಆರು ಗುಂಪು ಪಂದ್ಯಗಳಲ್ಲಿ ಇದೇ ತಂಡ ಒಂದೂ ಗೋಲು ಹೊಡೆಯಲಿಲ್ಲ. ಕುಸಿತ ಶುರುವಾದದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು 2011ನ್ನಲ್ಲ, ಈ ಸೊನ್ನೆಯನ್ನು. 2000ದಿಂದ 2004ರವರೆಗೆ ಐದು ಋತುಗಳಲ್ಲೂ ಮೊದಲ ಮೂರರಲ್ಲಿದ್ದ ಕ್ಲಬ್ಬು ಆ ವರ್ಷ ಎಂಟನೆಯ ಸ್ಥಾನಕ್ಕೆ ಇಳಿದು, ಯುರೋಪಿನ ಆ ವರಮಾನವನ್ನು ಕಳೆದುಕೊಂಡಿತು. ಸಾಲ ಮಾತ್ರ ಉಳಿಯಿತು.

43 ಅಂಕ: ಸೂತ್ರವನ್ನು ಹಿಂದಕ್ಕೆ ತಿರುಗಿಸಿದಾಗ

2010–11ರಲ್ಲಿ ದೆಪೊರ್ತಿವೊ 10 ಗೆದ್ದು, 13 ಡ್ರಾ ಮಾಡಿಕೊಂಡು, 15 ಸೋತು 43 ಅಂಕ ಗಳಿಸಿತು. ಕೊನೆಯ ದಿನ ಮತ್ತೆ ರಿಯಾಸೋರ್‌ನಲ್ಲಿ, ಮತ್ತೆ ವಲೆನ್ಸಿಯಾ ಎದುರು, 0–2ರಿಂದ ಸೋತು, ಇಪ್ಪತ್ತು ವರ್ಷಗಳ ನಂತರ ಎರಡನೆಯ ದರ್ಜೆಗೆ ಇಳಿಯಿತು. ಅದರ ತುಸುವೇ ಮೇಲೆ ಉಳಿದುಕೊಂಡವರನ್ನು ನೋಡಿ. ಮಯೋರ್ಕಾ 12 ಗೆಲುವು, 8 ಡ್ರಾ, 18 ಸೋಲು, 44 ಅಂಕ. ರಿಯಲ್ ಸೊಸಿಯೆದಾದ್ 14 ಗೆಲುವು, 3 ಡ್ರಾ, 21 ಸೋಲು, 45 ಅಂಕ. ಈಗ ಗೆಲುವುಗಳನ್ನು ಕಳೆಯಿರಿ: ದೆಪೊರ್ತಿವೊಗೆ 33, ಮಯೋರ್ಕಾಕ್ಕೆ 32, ಸೊಸಿಯೆದಾದ್‌ಗೆ 31. ಹಳೆಯ ನಿಯಮ ಇದ್ದಿದ್ದರೆ 43 ಅಂಕದ ದೆಪೊರ್ತಿವೊ ಇವರಿಬ್ಬರಿಗಿಂತ ಮೇಲಿರುತ್ತಿತ್ತು, ಹಿಂಬಡ್ತಿಯಿಂದ ಪಾರಾಗುತ್ತಿತ್ತು. ಇದನ್ನು ಮೂರು ಸಲ ಕೂಡಿ ಕಳೆದು ನೋಡಿದ ಮೇಲೆಯೇ ನಂಬಿದೆ. ನಿಯಮ ಬೇರೆಯಿದ್ದರೆ ತಂಡಗಳು ಆಡುವ ರೀತಿಯೂ ಬೇರೆಯಾಗುತ್ತಿತ್ತು ಎಂಬ ಆಕ್ಷೇಪಣೆ ಸರಿಯೇ. ಆದರೂ ಡ್ರಾ ಮಾಡಿಕೊಂಡು ಬದುಕುವ ತಂಡಕ್ಕೆ ಹೊಸ ನಿಯಮ ಎಷ್ಟು ದುಬಾರಿ ಎನ್ನುವುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಸಿಕ್ಕಿಲ್ಲ.

ಆಮೇಲಿನ ಮೆಟ್ಟಿಲುಗಳು

2012ರಲ್ಲಿ 91 ಅಂಕಗಳೊಡನೆ ಮೇಲೇರಿ, 2013ರಲ್ಲಿ ಇಳಿದು, 2014ರಲ್ಲಿ ಏರಿ, 2018ರಲ್ಲಿ ಮತ್ತೆ ಇಳಿಯಿತು. ಈ ನಡುವೆ 2013ರ ಜನವರಿಯಲ್ಲಿ, ಸಾಲ ಕೊಟ್ಟವರೊಡನೆ ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಇತ್ಯರ್ಥ ಮಾಡಿಕೊಳ್ಳುವ ಪ್ರಕ್ರಿಯೆಗೆ ಕ್ಲಬ್ಬು ಶರಣಾಯಿತು. ಮರುವರ್ಷ ಲೆಂದೊಯಿರೊ ಯುಗ ಮುಗಿಯಿತು. 2020ರ ಜುಲೈ 20ರಂದು ಎದುರಾಳಿ ಫ್ಯುಯೆನ್ಲಾಬ್ರಾದ ತಂಡದಲ್ಲಿ ಕೋವಿಡ್ ಕಂಡುಬಂದು ಕೊನೆಯ ಪಂದ್ಯ ಮುಂದೂಡಲ್ಪಟ್ಟಿತು. ಉಳಿದ ಪಂದ್ಯಗಳು ನಡೆದೇ ನಡೆದವು, ಅವುಗಳ ಫಲಿತಾಂಶದಿಂದಾಗಿ ದೆಪೊರ್ತಿವೊ ಅಂದು ಮೈದಾನಕ್ಕೆ ಇಳಿಯದೆಯೇ ಮೂರನೆಯ ದರ್ಜೆಗೆ ಬಿತ್ತು.

ಮೂರನೆಯ ದರ್ಜೆಯ ಹೆಸರಿನಲ್ಲಿ ಜಾರಬೇಡಿ. 2021ರವರೆಗೆ ಅದನ್ನು ‘ಸೆಗುಂದಾ ಬಿ’, ಅಂದರೆ ಎರಡನೆಯ ಬಿ ಎನ್ನುತ್ತಿದ್ದರು. ಆಮೇಲೆ ಅದು ಸ್ಪೇನಿನ ಫುಟ್‌ಬಾಲ್ ಒಕ್ಕೂಟದ ‘ಪ್ರಿಮೆರಾ’, ಅಂದರೆ ಮೊದಲನೆಯದು ಎನ್ನಿಸಿಕೊಂಡಿತು. ಎರಡು ಹೆಸರಿನಲ್ಲೂ ಮೂರು ಎಂಬ ಅಂಕಿ ಇಲ್ಲ. ಅಲ್ಲಿ ನಾಲ್ಕು ಋತು ಕಳೆದ ಕ್ಲಬ್ಬಿಗೆ 2023ರ ಜನವರಿಯಲ್ಲಿ, ಅದೇ ಊರಿನಲ್ಲಿ ಹುಟ್ಟಿದ ಲೂಕಾಸ್ ಪೆರೆಸ್ ಮೊದಲ ದರ್ಜೆಯ ಕಾದಿಸ್ ತಂಡವನ್ನು ಬಿಟ್ಟು, ವರ್ಗಾವಣೆಯ ಹಣದಲ್ಲಿ ಒಂದು ಪಾಲನ್ನು ತಾನೇ ಭರಿಸಿ ಮರಳಿದ. 2024ರ ಮೇ 12ರಂದು ಬಾರ್ಸಿಲೋನಾದ ಎರಡನೆಯ ತಂಡದ ವಿರುದ್ಧ ಅವನ ಫ್ರೀ ಕಿಕ್ ಗೋಲಾಗಿ, 1–0ಯಿಂದ ಗೆದ್ದ ದೆಪೊರ್ತಿವೊ ಎರಡನೆಯ ದರ್ಜೆಗೆ ಏರಿತು. ಆ ವರ್ಷದ ದಾಖಲೆಯಲ್ಲಿ ‘ಪ್ರಿಮೆರಾ, ಗುಂಪು 1, ಚಾಂಪಿಯನ್’ ಎಂದಿರುವುದನ್ನು ಕಂಡು, ನಾನು ಮಾಡಿದಂತೆ, 2000ದ ಪಟ್ಟದ ಕೆಳಗೆ ಎರಡನೆಯ ಲೀಗ್ ಪಟ್ಟವೆಂದು ಬರೆದುಕೊಳ್ಳಬೇಡಿ.